ಕೈಬಿಡುವ ಮೊದಲು ಬಾಗಿಲು ತಟ್ಟಿ: ಪ್ರಾಣಿ ಆಶ್ರಯ ಕೇಂದ್ರದ ನೆರವು ಪಡೆಯುವ ಬಗೆ

ಭಾನುವಾರದ ಬೆಳಗುಗಳಲ್ಲಿ ಬೆಂಗಳೂರಿನ ಒಂದು ಪ್ರಾಣಿ ಆಶ್ರಯ ಕೇಂದ್ರದ ನೋಂದಣಿ ಮೇಜಿನ ಹಿಂದೆ ಸ್ವಯಂಸೇವಕಿಯಾಗಿ ಕೂರುವುದು ಕೆಲವು ವರ್ಷಗಳಿಂದ ನನ್ನ ರೂಢಿ. ಗೇಟಿನ ಬಳಿ ಆಟೋ ನಿಂತು, ನಾಯಿಯ ಹಿಂದೆಯೇ ಅದರ ಸ್ಟೀಲ್ ತಟ್ಟೆ, ಹಳೆಯ ಬೆಡ್‌ಶೀಟು, ಅರ್ಧ ಖಾಲಿಯಾದ ಆಹಾರದ ಚೀಲ ಕೂಡ ಇಳಿದರೆ, ಬಂದವರು ಚಿಕಿತ್ಸೆಗಾಗಿ ಬಂದಿಲ್ಲ, ನಾಯಿಯನ್ನು ಬಿಟ್ಟುಹೋಗಲು ಬಂದಿದ್ದಾರೆ ಎಂಬುದು ಮೇಜಿನ ಹಿಂದಿರುವವರಿಗೆ ತಿಳಿದುಬಿಡುತ್ತದೆ. ನಾಯಿಗೆ ತಿಳಿಯುವುದಿಲ್ಲ. ಹೊಸ ಜಾಗದ ವಾಸನೆ ಹಿಡಿಯುತ್ತ ಬಾಲ ಆಡಿಸಿಕೊಂಡೇ ಒಳಗೆ ಬರುತ್ತದೆ. ಚೈನು ಇನ್ನೊಬ್ಬರ ಕೈಗೆ ಹೋಗಿ, ಆಟೋ ತಿರುಗಿ ಹೊರಟ ಮೇಲೆ ಗೇಟಿನ ಕಡೆ ಮುಖ ಮಾಡಿ ಕೂತರೆ, ಎಷ್ಟೋ ನಾಯಿಗಳು ಎರಡು ಮೂರು ದಿನ ತಟ್ಟೆಯನ್ನು ಮೂಸಿಯೂ ನೋಡುವುದಿಲ್ಲ.

ಬಿಡಲು ಕಾರಣವೇನೆಂದು ಕೇಳಿದಾಗ ಬರುವ ಉತ್ತರಗಳು ಹೆಚ್ಚೂಕಡಿಮೆ ಅವೇ: ಮನೆ ಮಾಲೀಕರು ಒಪ್ಪುತ್ತಿಲ್ಲ, ಮೈಯೆಲ್ಲ ಕಜ್ಜಿಯಾಗಿದೆ, ಮಗಳು ಬಸುರಿ, ಆಪರೇಷನ್ನಿಗೆ ದುಡ್ಡಿಲ್ಲ, ಮಗುವನ್ನು ಕಚ್ಚಲು ಹೋಯಿತು. ಇವುಗಳಲ್ಲಿ ಬಹುಪಾಲು ತೊಂದರೆಗಳಿಗೆ ಅದೇ ಕೇಂದ್ರದಲ್ಲಿ ಪರಿಹಾರವಿರುತ್ತದೆ. ಆದರೆ ಮನೆಯವರು ಬರುವ ಹೊತ್ತಿಗೆ ಅವರ ಮನಸ್ಸು ದಣಿದು, ತೀರ್ಮಾನ ಆಗಿಹೋಗಿರುತ್ತದೆ. ಆಶ್ರಯ ಕೇಂದ್ರವೆಂದರೆ ಪ್ರಾಣಿಗಳನ್ನು ಬಿಟ್ಟುಬರುವ ಜಾಗ ಎಂಬ ತಿಳಿವಳಿಕೆಯೇ ಇದಕ್ಕೆ ಮೂಲ ಎಂದು ನಾನು ಬಲವಾಗಿ ನಂಬಿದ್ದೇನೆ. ಒಳ್ಳೆಯ ಕೇಂದ್ರದ ಅರ್ಧದಷ್ಟು ಕೆಲಸ ಅದರ ಕಾಂಪೌಂಡಿನ ಆಚೆಗೆ, ನಿಮ್ಮ ನಮ್ಮ ಮನೆಗಳಲ್ಲಿ ಪ್ರಾಣಿಗಳು ಉಳಿಯುವಂತೆ ಮಾಡುವುದರಲ್ಲಿದೆ. ಆ ನೆರವನ್ನು ಯಾವಾಗ, ಯಾರಿಂದ, ಹೇಗೆ ಪಡೆಯಬೇಕೆಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲ ಹಂತ: ಅಗತ್ಯ ಬೀಳುವ ಮುನ್ನವೇ ಪರಿಚಯ ಮಾಡಿಕೊಳ್ಳಿ

ನಮ್ಮ ರಾಜ್ಯದಲ್ಲಿ ಪ್ರಾಣಿಗಳ ಮನೆಯವರಿಗೆ ನೆರವು ಸಿಗುವ ಜಾಗಗಳು ಒಂದೇ ಬಗೆಯವಲ್ಲ. ಯಾವುದು ಏನು ಮಾಡುತ್ತದೆ ಎಂಬುದು ತಿಳಿದಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ. ಮೊದಲನೆಯದು ಸ್ವಯಂಸೇವಾ ಸಂಸ್ಥೆಗಳು ನಡೆಸುವ ಆಶ್ರಯ ಕೇಂದ್ರ. ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾ, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್ ಇಂಥವು. ಎರಡನೆಯದು ಪಶುವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಇಂಥ ಕಾಲೇಜುಗಳಿದ್ದು, ಎಕ್ಸ್‌ರೇ, ರಕ್ತಪರೀಕ್ಷೆ, ಶಸ್ತ್ರಚಿಕಿತ್ಸೆಗಳು ಖಾಸಗಿ ಕ್ಲಿನಿಕ್‌ಗಳಿಗಿಂತ ಕಡಿಮೆ ಶುಲ್ಕದಲ್ಲಿ ಆಗುತ್ತವೆ. ಕಾಯುವ ತಾಳ್ಮೆ ಮಾತ್ರ ಬೇಕು. ಮೂರನೆಯದು ಸರ್ಕಾರದ ಪಶು ಆಸ್ಪತ್ರೆ. ಇವು ದನಕರುಗಳಿಗಾಗಿ ಎಂದು ಹಲವರು ತಿಳಿದಿದ್ದಾರೆ, ಆದರೆ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ನಾಯಿ ಬೆಕ್ಕುಗಳಿಗೂ ಚಿಕಿತ್ಸೆ ಉಂಟು. ನಾಲ್ಕನೆಯದು ನಗರಪಾಲಿಕೆ ಅಥವಾ ಪುರಸಭೆ ನಡೆಸುವ, ಇಲ್ಲವೇ ಸಂಸ್ಥೆಗಳಿಗೆ ವಹಿಸಿಕೊಟ್ಟಿರುವ ಸಂತಾನಶಕ್ತಿಹರಣ ಕೇಂದ್ರ. ಇದು ಬೀದಿನಾಯಿಗಳಿಗಾಗಿ ಇರುವಂಥದ್ದು. ಮನೆ ನಾಯಿಯನ್ನು ಅಲ್ಲಿಗೆ ಕರೆದೊಯ್ದು ಉಚಿತವಾಗಿ ಮಾಡಿಕೊಡಿ ಎಂದು ಕೇಳುವುದು ಸರಿಯಲ್ಲ, ಏಕೆಂದರೆ ಸಾಕಿದ ಪ್ರಾಣಿಯ ಲಸಿಕೆ, ಜಂತುಹುಳು ಔಷಧ, ಸಂತಾನಶಕ್ತಿಹರಣಗಳ ಹೊಣೆ ಸಾಕಿದವರದೇ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ.

ಪ್ರಾಣಿ ಆರೋಗ್ಯವಾಗಿರುವಾಗಲೇ ಒಂದು ದಿನ ಹತ್ತಿರದ ಕೇಂದ್ರಕ್ಕೆ ಹೋಗಿ ಬನ್ನಿ. ಹೊರರೋಗಿ ವಿಭಾಗ ಯಾವ ದಿನ, ಎಷ್ಟು ಹೊತ್ತು ತೆರೆದಿರುತ್ತದೆ, ರಾತ್ರಿ ವೈದ್ಯರು ಇರುತ್ತಾರೆಯೇ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ರಿಯಾಯಿತಿ ದರದ ಶಸ್ತ್ರಚಿಕಿತ್ಸೆಗೆ ಎಷ್ಟು ದಿನ ಮೊದಲು ಹೆಸರು ಬರೆಸಬೇಕು, ಬೆಕ್ಕುಗಳನ್ನು ನೋಡುತ್ತಾರೆಯೇ ಎಂಬಿಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಿ. ಆದರೆ ಲಸಿಕೆ ಪೂರ್ತಿಯಾಗದ ಮರಿಯನ್ನು ಈ ಭೇಟಿಗೆ ಎತ್ತಿಕೊಂಡು ಹೋಗಬೇಡಿ. ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಾಣು ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರಬಲ್ಲದು, ಮತ್ತು ರೋಗಿ ನಾಯಿಗಳು ಬಂದುಹೋಗುವ ಯಾವ ಅಂಗಳವೂ ಮರಿಗೆ ಸುರಕ್ಷಿತವಲ್ಲ. ನೀವು ಮನೆಗೆ ಮರಳಿದ ಮೇಲೆ ಚಪ್ಪಲಿಯನ್ನು ಹೊರಗೇ ಬಿಟ್ಟು, ಕೈಕಾಲು ತೊಳೆದು ಮರಿಯನ್ನು ಮುಟ್ಟಿ.

ಎರಡನೆಯ ಹಂತ: ಲಸಿಕೆ ಶಿಬಿರವನ್ನು ಸರಿಯಾಗಿ ಬಳಸಿಕೊಳ್ಳಿ

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನವದು. ಅದರ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆ, ಪಾಲಿಕೆಗಳು ಮತ್ತು ಆಶ್ರಯ ಕೇಂದ್ರಗಳು ಹಲವೆಡೆ ಉಚಿತ ರೇಬೀಸ್ ಲಸಿಕೆ ಶಿಬಿರ ನಡೆಸುತ್ತವೆ. ಶಿಬಿರದಲ್ಲಿ ಸಿಗುವುದು ಸಾಮಾನ್ಯವಾಗಿ ರೇಬೀಸ್ ಲಸಿಕೆ ಮಾತ್ರ. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್‌ಗಳ ಸಂಯುಕ್ತ ಲಸಿಕೆಯನ್ನು ಮರಿಗೆ ಆರರಿಂದ ಎಂಟು ವಾರವಾದಾಗ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರು ವಾರ ತುಂಬುವವರೆಗೆ ಬೇರೆಯಾಗಿ ಕೊಡಿಸಬೇಕು. ರೇಬೀಸ್ ಲಸಿಕೆಗೆ ಮೂರು ತಿಂಗಳು ತುಂಬಿರಬೇಕು. ಆಮೇಲೆ ವೈದ್ಯರು ಬರೆದ ತಾರೀಖಿಗೆ ಮರುಲಸಿಕೆ. ಶಿಬಿರದಲ್ಲಿ ಹಾಕಿಸಿದ್ದೇವಲ್ಲ ಎಂದುಕೊಂಡು ಉಳಿದದ್ದನ್ನು ಮರೆತು, ಪಾರ್ವೊದಿಂದ ರಕ್ತಭೇದಿಯಾಗುತ್ತಿರುವ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿಬಂದ ಮನೆಯವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನಾಯಿಗೆ ಗಟ್ಟಿ ಕೊರಳಪಟ್ಟಿ ಮತ್ತು ಚೈನು ಇರಲಿ. ಬೆಕ್ಕನ್ನು ತೋಳಿನಲ್ಲಿ ಎತ್ತಿಕೊಂಡು ಬರಬೇಡಿ. ನಾಯಿ ಬೊಗಳಿದೊಡನೆ ಅದು ನಿಮ್ಮ ಭುಜವನ್ನೇ ಪರಚಿ ಹಾರಿಬಿಡುತ್ತದೆ. ಮುಚ್ಚಳವಿರುವ ಬುಟ್ಟಿಯಲ್ಲಿ, ಅದು ಮಲಗುವ ಬಟ್ಟೆಯನ್ನೇ ಹಾಸಿ ತನ್ನಿ. ಗಬ್ಬವಿದ್ದರೆ, ಜ್ವರವಿದ್ದರೆ, ಹಿಂದೊಮ್ಮೆ ಲಸಿಕೆಯಿಂದ ಮುಖ ಊದಿದ್ದರೆ ಚುಚ್ಚುವ ಮೊದಲೇ ಹೇಳಿ, ಮತ್ತು ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ನೆರಳಿನಲ್ಲಿ ಕಾದು ಹೊರಡಿ. ಲಸಿಕೆ ಪುಸ್ತಕದಲ್ಲಿ ದಿನಾಂಕ, ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ ಮೂರೂ ಇವೆಯೇ ಎಂದು ನೋಡಿಕೊಂಡು, ಆ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಪಾಲಿಕೆಯ ಪರವಾನಗಿಗೆ, ರೈಲಿನಲ್ಲಿ ಕರೆದೊಯ್ಯಲು, ಅಪಾರ್ಟ್‌ಮೆಂಟಿನವರು ಕೇಳಿದಾಗ ತೋರಿಸಲು ಎಲ್ಲಕ್ಕೂ ಆ ಒಂದು ಪುಟವೇ ಆಧಾರ.

ಮೂರನೆಯ ಹಂತ: ಸಂತಾನಶಕ್ತಿಹರಣವನ್ನು ಮುಂದೂಡಬೇಡಿ

ಆಶ್ರಯ ಕೇಂದ್ರಗಳು ಮನೆಯವರಿಗೆ ಕೊಡುವ ನೆರವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಹೆಣ್ಣು ಒಂದು ಸಲವಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ಅದಕ್ಕೆ ಕೊರಗು ಉಳಿಯುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಬೇರೂರಿದೆ. ವೈದ್ಯಕೀಯವಾಗಿ ಇದಕ್ಕೆ ಆಧಾರವಿಲ್ಲ. ಮೊದಲ ಬೆದೆಗೆ ಮುಂಚೆ ಶಸ್ತ್ರಚಿಕಿತ್ಸೆಯಾದ ಹೆಣ್ಣುನಾಯಿಗೆ ಮುಂದೆ ಮೊಲೆಯ ಗಡ್ಡೆಗಳಾಗುವ ಸಂಭವ ಬಹಳ ಕಡಿಮೆ. ಮಾಡಿಸದೆ ಉಳಿದ ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಇದ್ದೇ ಇರುತ್ತದೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ಮಂಕಾಗಿ, ಊಟ ಬಿಟ್ಟು, ಬಿಂದಿಗೆಗಟ್ಟಲೆ ನೀರು ಕುಡಿಯತೊಡಗಿದರೆ ಅದು ನಾಳೆಯವರೆಗೆ ಕಾಯುವ ಕಾಯಿಲೆಯಲ್ಲ. ಅಂದೇ ಆಸ್ಪತ್ರೆಗೆ ಒಯ್ಯಬೇಕು. ಹೀಗೆ ತುರ್ತಿನಲ್ಲಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಖರ್ಚೂ ಹೆಚ್ಚು, ಜೀವದ ಅಪಾಯವೂ ಹೆಚ್ಚು. ಬೆಕ್ಕಿನ ವಿಷಯದಲ್ಲಂತೂ ಸುಮಾರು ಒಂಬತ್ತು ವಾರಗಳಲ್ಲಿ ಗಬ್ಬ ಮುಗಿದು ಮರಿಗಳಾಗುತ್ತವೆ, ಮರಿಗಳು ಹಾಲು ಬಿಡುವಷ್ಟರಲ್ಲಿ ತಾಯಿ ಮತ್ತೆ ಗಬ್ಬವಾಗಿರುತ್ತದೆ. ರಟ್ಟಿನ ಡಬ್ಬಿಯಲ್ಲಿ ಕಣ್ಣು ತೆರೆಯದ ನಾಲ್ಕು ಮರಿಗಳನ್ನು ಗೇಟಿನ ಬಳಿ ಇಟ್ಟುಹೋಗುವವರು ಕ್ರೂರಿಗಳಲ್ಲ, ಶಸ್ತ್ರಚಿಕಿತ್ಸೆಯನ್ನು ಆರು ತಿಂಗಳು ಮುಂದಕ್ಕೆ ಹಾಕಿದವರು ಅಷ್ಟೆ. ಆದರೆ ಅಂಥ ಮರಿಗಳಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಿ, ಒದ್ದೆ ಹತ್ತಿಯಿಂದ ಒರೆಸಿ ಮೂತ್ರ ಮಾಡಿಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಕಾವು ಕೊಟ್ಟರೂ ಎಲ್ಲವನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ.

ಸಾಮಾನ್ಯವಾಗಿ ಆರು ತಿಂಗಳ ವಯಸ್ಸಿನ ಹೊತ್ತಿಗೆ ಕೇಂದ್ರದಲ್ಲಿ ಹೆಸರು ಬರೆಸಿ. ದೊಡ್ಡ ಜಾತಿಯ ನಾಯಿಗಳಿಗೆ ತಕ್ಕ ವಯಸ್ಸು ಯಾವುದೆಂದು ವೈದ್ಯರನ್ನು ಕೇಳಿ. ರಿಯಾಯಿತಿ ದರವೆಂದು ರಕ್ತಪರೀಕ್ಷೆಯನ್ನು ಬಿಡಬೇಡಿ. ನಮ್ಮ ಕಡೆ ಉಣ್ಣಿಗಳಿಂದ ಬರುವ ಜ್ವರ ಸಾಮಾನ್ಯ. ಹೊರಗೆ ಚುರುಕಾಗಿ ಕಾಣುವ ನಾಯಿಯ ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿದ್ದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರಕ್ತ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಎಷ್ಟು ಹೊತ್ತಿನಿಂದ ಊಟ ನಿಲ್ಲಿಸಬೇಕು, ನೀರನ್ನು ಎಷ್ಟು ಹೊತ್ತಿನವರೆಗೆ ಕೊಡಬಹುದು ಎಂಬುದನ್ನು ಕೇಂದ್ರದವರು ಹೇಳಿದಂತೆಯೇ ನಡೆಸಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರಿಗೂ ತಿಳಿಸಿಡಿ. ಪಾಪ ಹಸಿದಿದೆ ಎಂದು ಬೆಳಿಗ್ಗೆ ಕೊಟ್ಟ ಎರಡು ಬಿಸ್ಕತ್ತು ಅರಿವಳಿಕೆಯ ಹೊತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು.

ಮನೆಗೆ ಬಂದ ರಾತ್ರಿ ನಾಯಿ ತೂರಾಡುತ್ತದೆ, ನಡುಗುತ್ತದೆ, ಕೆಲವೊಮ್ಮೆ ಸಣ್ಣಗೆ ನರಳುತ್ತದೆ. ಮಂಚ, ಸೋಫಾಗಳಿಂದ ದೂರ, ನೆಲದ ಮೇಲೆ ಕಂಬಳಿ ಹಾಸಿ ಮಲಗಿಸಿ. ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಕೋನ್, ಅಂದರೆ ತಲೆಯ ಸುತ್ತ ಆಲಿಕೆಯಂತೆ ನಿಲ್ಲುವ ಪಟ್ಟಿ, ಕಟ್ಟಿ. ಅದು ಬೇಸರ ಪಡುತ್ತದೆಂದು ಬಿಚ್ಚಿದರೆ ಒಂದೇ ರಾತ್ರಿಯಲ್ಲಿ ಹೊಲಿಗೆ ಬಿಚ್ಚಿಕೊಂಡಿರುತ್ತದೆ. ಸುಮಾರು ಹತ್ತು ಹನ್ನೆರಡು ದಿನ ಸ್ನಾನ, ಮಹಡಿ ಹತ್ತಿಳಿಯುವುದು, ಓಟ ಯಾವುದೂ ಬೇಡ. ಗಾಯದಿಂದ ರಕ್ತ ಅಥವಾ ಕೀವು ಬಂದರೆ, ಒಂದು ದಿನ ಕಳೆದರೂ ಅನ್ನ ಮುಟ್ಟದಿದ್ದರೆ, ಒಸಡು ಬಿಳಿಚಿಕೊಂಡರೆ ಕೂಡಲೇ ಕೇಂದ್ರಕ್ಕೆ ಫೋನ್ ಮಾಡಿ.

ನಾಲ್ಕನೆಯ ಹಂತ: ಖರ್ಚು ಕೈಮೀರುವ ಮೊದಲೇ ಹೇಳಿಕೊಳ್ಳಿ

ಇದು ಹೇಳಲು ಸಂಕೋಚವಾಗುವ ವಿಷಯವೆಂದು ನನಗೆ ಗೊತ್ತು. ನಾಯಿ ಸಾಕುವ ಯೋಗ್ಯತೆ ಇಲ್ಲದಿದ್ದರೆ ಏಕೆ ಸಾಕಿದಿರಿ ಎಂದು ಯಾರಾದರೂ ಅಂದುಬಿಟ್ಟಾರು ಎಂಬ ಭಯದಿಂದ ಎಷ್ಟೋ ಮಂದಿ ಅರ್ಧಕ್ಕೆ ಚಿಕಿತ್ಸೆ ನಿಲ್ಲಿಸುತ್ತಾರೆ. ಹಾಗೆ ಮಾಡಬೇಡಿ. ಹಳೆಯ ಚೀಟಿ, ರಕ್ತಪರೀಕ್ಷೆಯ ವರದಿ, ಈವರೆಗೆ ಕೊಟ್ಟ ಔಷಧಗಳ ಖಾಲಿ ಸ್ಟ್ರಿಪ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬಂದು, ಇಷ್ಟು ಖರ್ಚಾಗಿದೆ, ಇನ್ನು ನನ್ನಿಂದ ಇಷ್ಟು ಸಾಧ್ಯ ಎಂದು ನೇರವಾಗಿ ಹೇಳಿ. ಕೇಂದ್ರವು ಅದೇ ಗುಣದ ಅಗ್ಗದ ಔಷಧ ಬರೆದುಕೊಡಬಹುದು, ಬೋಧನಾ ಆಸ್ಪತ್ರೆಗೆ ಕಳುಹಿಸಬಹುದು, ಕಂತಿನಲ್ಲಿ ಕಟ್ಟಿಸಿಕೊಳ್ಳಬಹುದು, ದಾನಿಗಳು ಕೊಟ್ಟ ಆಹಾರದಲ್ಲಿ ಒಂದು ಪಾಲು ಕೊಡಬಹುದು. ಎಲ್ಲ ಕೇಂದ್ರಗಳೂ ಇವೆಲ್ಲವನ್ನೂ ಮಾಡಲಾರವು, ಆದರೆ ಕೇಳದೆ ಯಾರೂ ಕೊಡಲಾರರು.

ಆಹಾರದ ಬಗ್ಗೆ ಒಂದು ಮಾತು. ಪ್ಯಾಕೆಟ್ಟಿನ ಆಹಾರ ಕೊಳ್ಳಲಾಗದಿದ್ದರೆ ಅದು ಪ್ರಾಣಿಯನ್ನು ಬಿಡುವ ಕಾರಣವಾಗಬೇಕಿಲ್ಲ. ರಾಗಿ ಅಥವಾ ಅನ್ನಕ್ಕೆ ಬೇಯಿಸಿದ ಕೋಳಿಮಾಂಸ, ಮೊಟ್ಟೆ, ತುಸು ಕುಂಬಳಕಾಯಿ ಸೇರಿಸಿ, ಉಪ್ಪು ಖಾರ ಈರುಳ್ಳಿ ಹಾಕದೆ ಮಾಡಿದ ಅಡುಗೆಯಲ್ಲಿ ನಾಯಿಗಳು ಚೆನ್ನಾಗಿಯೇ ಬಾಳುತ್ತವೆ. ಅಳತೆಯನ್ನು ಕೇಂದ್ರದ ವೈದ್ಯರಿಂದ ಬರೆಸಿಕೊಳ್ಳಿ. ಬೆಕ್ಕಿಗೆ ಮಾತ್ರ ಹಾಲು ಅನ್ನ ಸಾಲದು. ಮಾಂಸದಲ್ಲಿರುವ ಟಾರೀನ್ ಎಂಬ ಅಂಶ ಸಿಗದಿದ್ದರೆ ಬೆಕ್ಕಿನ ಹೃದಯವೂ ಕಣ್ಣೂ ಕೆಡುತ್ತವೆ. ಹಾಗೆಯೇ, ಡಾಕ್ಟರ ಖರ್ಚು ಉಳಿಸಲೆಂದು ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಜ್ವರಕ್ಕೆಂದು ನಾವು ನುಂಗುವ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಉಣ್ಣಿಗೆ ಹಚ್ಚುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷ.

ಐದನೆಯ ಹಂತ: ಕಚ್ಚುವ, ಬೊಗಳುವ, ಹೆದರುವ ಪ್ರಾಣಿ

ಎಂದೂ ಗುರ್ ಎನ್ನದ ನಾಯಿ ಇದ್ದಕ್ಕಿದ್ದಂತೆ ಹಲ್ಲು ತೋರಿಸಿದರೆ ಮೊದಲು ನೋಡಿಸಬೇಕಾದವರು ತರಬೇತುದಾರರಲ್ಲ, ವೈದ್ಯರು. ಕಿವಿಯ ಸೋಂಕು, ಸೊಂಟದ ನೋವು, ಹುಳುಕು ಹಲ್ಲು ಇವೇ ಎಷ್ಟೋ ಸಲ ಕಚ್ಚುವುದರ ಹಿಂದಿರುತ್ತವೆ. ದೇಹದಲ್ಲಿ ದೋಷವಿಲ್ಲವೆಂದಾದ ಮೇಲೆ ಕೇಂದ್ರದ ತರಬೇತಿದಾರರ ಸಲಹೆ ಪಡೆಯಿರಿ. ದಿನವಿಡೀ ಗಿಡ್ಡ ಚೈನಿನಲ್ಲಿ ಕಟ್ಟಿಹಾಕಿದ ನಾಯಿ ಬೊಗಳದೆ ಇರಲಾರದು. ಹೀಗೆ ಅತಿ ಹೊತ್ತು ಕಟ್ಟಿಹಾಕುವುದನ್ನೂ, ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದನ್ನೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಅಪರಾಧವೆಂದೇ ಹೇಳುತ್ತದೆ.

ಆರನೆಯ ಹಂತ: ಇಟ್ಟುಕೊಳ್ಳಲು ಆಗುವುದೇ ಇಲ್ಲ ಅನ್ನಿಸಿದಾಗ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಬಿಡುವ ನಿರ್ಧಾರಕ್ಕೆ ಬರುವ ಮೊದಲು ಕಾರಣವನ್ನು ಒಂದೇ ಸಾಲಿನಲ್ಲಿ ಬರೆದುಕೊಂಡು ಕೇಂದ್ರಕ್ಕೆ ಬನ್ನಿ, ಪ್ರಾಣಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅದು ಎದುರಿಗಿಲ್ಲದಿದ್ದರೆ ಮಾತು ಹೆಚ್ಚು ಸಮಾಧಾನದಿಂದ ನಡೆಯುತ್ತದೆ.

ಅಪಾರ್ಟ್‌ಮೆಂಟಿನ ಸಂಘದವರ ಒತ್ತಡ ಕಾರಣವಾಗಿದ್ದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರತಿಯನ್ನು ಕೇಂದ್ರದಿಂದ ಪಡೆದು ಅವರಿಗೆ ಕೊಡಿ. ನಿವಾಸಿಗಳ ಸಂಘವು ಸಾಕುಪ್ರಾಣಿಗಳನ್ನೇ ನಿಷೇಧಿಸುವಂತಿಲ್ಲ ಎಂದು ಅದು ಹೇಳುತ್ತದೆ. ಜೊತೆಗೆ ನಾಯಿಯ ಮಲವನ್ನು ಎತ್ತುವುದು, ಸಾಮಾನ್ಯ ಜಾಗಗಳಲ್ಲಿ ಚೈನು ಹಿಡಿದಿರುವುದು ಇವನ್ನು ನಮ್ಮಿಂದಲೂ ಬಯಸುತ್ತದೆ. ಬಾಡಿಗೆ ಮನೆಯ ಮಾಲೀಕರ ವಿಷಯ ಬೇರೆ. ಆದ್ದರಿಂದ ಕರಾರುಪತ್ರ ಬರೆಸುವಾಗಲೇ ನಾಯಿಯಿದೆ ಎಂಬ ಸಾಲನ್ನು ಸೇರಿಸಿಕೊಳ್ಳಬೇಕು.

ಮನೆಯಲ್ಲಿ ಬಸುರಿ ಇದ್ದಾಳೆಂದು ಬೆಕ್ಕನ್ನು ದೂರ ಮಾಡುವವರು ಬಹಳ. ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಸೋಂಕಿನ ಭಯ ಸುಳ್ಳಲ್ಲ, ಆದರೆ ಬೆಕ್ಕಿನ ಮಲದಲ್ಲಿರುವ ಆ ಜೀವಾಣು ಹೊರಗೆ ಬಂದ ಮೇಲೆ ಸೋಂಕು ಹರಡುವಂತಾಗಲು ಕನಿಷ್ಠ ಒಂದು ದಿನವಾದರೂ ಬೇಕು. ಬೆಕ್ಕಿನ ಮರಳಿನ ತಟ್ಟೆಯನ್ನು ಮನೆಯ ಬೇರೊಬ್ಬರು ದಿನವೂ ಶುಚಿ ಮಾಡಿದರೆ, ಬೆಕ್ಕಿಗೆ ಹಸಿಮಾಂಸ ಕೊಡದಿದ್ದರೆ, ಬಸುರಿಯು ತೋಟದ ಮಣ್ಣು ಮುಟ್ಟಿದ ಮೇಲೆ ಕೈ ತೊಳೆದರೆ ಬೆಕ್ಕು ಮನೆಯಲ್ಲೇ ಇರಬಹುದು.

ವಿದೇಶಕ್ಕೆ ಹೋಗುವ ಕನ್ನಡಿಗರ ಕುಟುಂಬಗಳಿಗೆ ವಿಶೇಷವಾಗಿ ಹೇಳಬೇಕಾದದ್ದಿದೆ. ಟಿಕೆಟ್ ಆದ ಮೇಲೆ ನಾಯಿಯ ಬಗ್ಗೆ ಯೋಚಿಸಿದರೆ ಕಾಲ ಮಿಂಚಿರುತ್ತದೆ. ಯುರೋಪಿನ ಒಕ್ಕೂಟದ ದೇಶಗಳಿಗೆ ಭಾರತದಿಂದ ನಾಯಿಯನ್ನು ಒಯ್ಯಲು ಮೊದಲು ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಅದಾಗಿ ಕನಿಷ್ಠ 30 ದಿನದ ನಂತರ ಲಸಿಕೆ ಫಲಿಸಿದೆಯೇ ಎಂದು ತಿಳಿಯಲು ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ, ಅದಾಗಿ ಮೂರು ತಿಂಗಳ ಕಾಯುವಿಕೆ ಇಷ್ಟೂ ಆಗಬೇಕು. ಅಂದರೆ ನಾಲ್ಕು ತಿಂಗಳಿಗೂ ಮುಂಚೆ ಆರಂಭಿಸಬೇಕು. ಕೆಲಸದ ಪತ್ರ ಕೈಗೆ ಬಂದ ವಾರವೇ ಚಿಪ್ ಹಾಕಿಸಿ.

ತೊಂದರೆ ತಾತ್ಕಾಲಿಕವಾಗಿದ್ದರೆ, ಅಂದರೆ ಆಸ್ಪತ್ರೆ ವಾಸ, ಹೆರಿಗೆ, ಮನೆ ಬದಲಾವಣೆ ಇಂಥದ್ದಾಗಿದ್ದರೆ, ಕೆಲವು ವಾರಗಳ ಮಟ್ಟಿಗೆ ನೋಡಿಕೊಳ್ಳುವ ಸ್ವಯಂಸೇವಕರ ಮನೆ ಸಿಗುತ್ತದೆಯೇ ಎಂದು ವಿಚಾರಿಸಿ. ಎಷ್ಟು ದಿನ, ಆಹಾರ ಯಾರದು, ಕಾಯಿಲೆಯಾದರೆ ಖರ್ಚು ಯಾರದು, ಹೇಳಿದ ದಿನ ಬಂದು ಕರೆದೊಯ್ಯದಿದ್ದರೆ ಏನು ಎಂಬುದನ್ನು ಬರೆದು ಸಹಿ ಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಶಾಶ್ವತವಾಗಿ ಬೇರೆ ಮನೆ ಹುಡುಕಲೇಬೇಕಾದರೂ ಕೇಂದ್ರದ ಗೂಡಿಗಿಂತ ನಿಮ್ಮ ಮನೆಯಿಂದ ನೇರವಾಗಿ ಹೊಸ ಮನೆಗೆ ಹೋಗುವುದು ಪ್ರಾಣಿಗೆ ಮೇಲು. ಕೇಂದ್ರದ ದತ್ತು ಪಟ್ಟಿಯಲ್ಲಿ ಅದರ ಫೋಟೋ ಹಾಕಿಸಿ, ಕೊಡುವವರೆಗೆ ನೀವೇ ಇಟ್ಟುಕೊಳ್ಳಿ. ಸಂತಾನಶಕ್ತಿಹರಣವಾಗದ ಜಾತಿನಾಯಿಯನ್ನು ಉಚಿತವಾಗಿ ಕೊಡುತ್ತೇವೆಂದು ಎಲ್ಲೂ ಹಾಕಬೇಡಿ. ಮರಿ ಮಾರುವವರು ಮೊದಲು ಫೋನ್ ಮಾಡುತ್ತಾರೆ. ಬಂದವರ ಮನೆಗೆ ಒಮ್ಮೆ ಹೋಗಿ ನೋಡಿ, ಗುರುತಿನ ಚೀಟಿಯ ಪ್ರತಿ ಮತ್ತು ದತ್ತು ಒಪ್ಪಂದ ಪಡೆದು ಕೊಡಿ.

ಇಷ್ಟೆಲ್ಲ ಆದ ಮೇಲೂ ಕೇಂದ್ರಕ್ಕೇ ಒಪ್ಪಿಸಬೇಕಾಗಿ ಬಂದರೆ ಅದರಲ್ಲಿ ನಾಚಿಕೆಯಿಲ್ಲ. ಬೆಂಗಳೂರಿನಲ್ಲಿ ಕ್ಯೂಪಾ ಸಂಸ್ಥೆಯು ಮನೆಯವರು ಕೈಬಿಟ್ಟ ಜಾತಿನಾಯಿಗಳಿಗೆಂದೇ ಸೆಕೆಂಡ್ ಚಾನ್ಸ್ ಎಂಬ ದತ್ತು ಕೇಂದ್ರವನ್ನು ನಡೆಸುತ್ತ ಬಂದಿದೆ. ಜಾಗ ಖಾಲಿಯಿದೆಯೇ ಎಂದು ಮೊದಲು ಫೋನ್ ಮಾಡಿ. ಕಚ್ಚಿದ ಇತಿಹಾಸವನ್ನು ಮುಚ್ಚಿಡಬೇಡಿ. ನಾಳೆ ಗೂಡು ಗುಡಿಸಲು ಹೋಗುವವರ ಕೈಗೆ ಅದರಿಂದ ಪೆಟ್ಟಾಗುತ್ತದೆ. ಲಸಿಕೆ ಪುಸ್ತಕದ ಜೊತೆ ಒಂದು ಹಾಳೆಯಲ್ಲಿ ಅದು ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ಹೆಸರಿಗೆ ತಿರುಗಿ ನೋಡುತ್ತದೆ, ಯಾವ ಭಾಷೆಯ ಮಾತು ಕೇಳಿ ಬೆಳೆದಿದೆ ಎಂದು ಬರೆದುಕೊಡಿ. ಒಮ್ಮೆ ನಮ್ಮಲ್ಲಿಗೆ ಬಂದ ಎಂಟು ವರ್ಷದ ಲ್ಯಾಬ್ರಡಾರ್ ಒಂದು ವಾರದವರೆಗೆ ಯಾರ ಮಾತಿಗೂ ಕಿವಿ ಕೊಡಲಿಲ್ಲ. ಸಿಟ್ ಎಂದರೆ ಗೋಡೆ ನೋಡುತ್ತಿತ್ತು. ಕಿವುಡಿರಬಹುದೆಂದು ಚೀಟಿಯಲ್ಲಿ ಬರೆದೂ ಆಗಿತ್ತು. ಗೂಡು ತೊಳೆಯಲು ಬಂದ ಅಮ್ಮ ಪೊರಕೆ ಬದಿಗಿಟ್ಟು, ‘ಕೂತ್ಕೋ ಮಗಾ, ಕಾಲು ಒದ್ದೆ ಆಗ್ತದೆ’ ಎಂದಾಗ ಅದು ಥಟ್ಟನೆ ಕೂತು, ಮುಂಗಾಲು ಎತ್ತಿ ಕೊಟ್ಟಿತು. ಆ ಒಂದು ಸಾಲು ಬರೆದುಕೊಟ್ಟಿದ್ದರೆ ಏಳು ದಿನದ ದಿಗಿಲು ಅದಕ್ಕೆ ತಪ್ಪುತ್ತಿತ್ತು.

ರಾತ್ರಿಯ ಹೊತ್ತು ಗೇಟಿಗೆ ಕಟ್ಟಿಹೋಗುವುದು, ಹೊರವರ್ತುಲ ರಸ್ತೆಯಲ್ಲಿ ಕಾರಿನಿಂದ ಇಳಿಸಿಬಿಡುವುದು ಇವೆರಡನ್ನು ಮಾತ್ರ ಎಂದೂ ಮಾಡಬೇಡಿ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅದೇ 11ನೆಯ ಸೆಕ್ಷನ್ ಪ್ರಕಾರ ಅಪರಾಧ.

ಏಳನೆಯ ಹಂತ: ಕಳೆದುಹೋದರೆ

ನಮ್ಮಲ್ಲಿ ಹೆಚ್ಚು ನಾಯಿಗಳು ಕಳೆದುಹೋಗುವ ಹಬ್ಬ ದೀಪಾವಳಿ. ಆ ಮೂರು ದಿನ ಕತ್ತಲಾಗುವ ಮೊದಲೇ ಹೊರಗೆ ಅಡ್ಡಾಡಿಸಿ ಬನ್ನಿ, ಸಂಜೆ ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಫ್ಯಾನು ಅಥವಾ ಟಿವಿಯ ಸದ್ದಿನೊಡನೆ ಇರಿಸಿ, ಕೊರಳಪಟ್ಟಿಯ ಮೇಲೆ ಅಳಿಸದ ಶಾಯಿಯಿಂದ ಫೋನ್ ಸಂಖ್ಯೆ ಬರೆಯಿರಿ.

ತಪ್ಪಿಸಿಕೊಂಡರೆ ಆಶ್ರಯ ಕೇಂದ್ರಗಳಿಗೂ, ಪಾಲಿಕೆಯ ಸಂತಾನಶಕ್ತಿಹರಣ ಕೇಂದ್ರಕ್ಕೂ, ಸುತ್ತಲಿನ ಕ್ಲಿನಿಕ್‌ಗಳಿಗೂ ಅಂದೇ ಫೋಟೋ ಕಳುಹಿಸಿ. ಬೀದಿಗಿಳಿದು ಹುಡುಕುವಾಗ ಬೆಳಗಿನ ಜಾವ ಎದ್ದಿರುವವರನ್ನು ಕೇಳಿ: ಹಾಲಿನ ಬೂತಿನವರು, ಪೇಪರ್ ಹಾಕುವ ಹುಡುಗರು, ಪೌರಕಾರ್ಮಿಕರು, ಆಟೋ ಸ್ಟ್ಯಾಂಡಿನವರು. ಬೀದಿಯಲ್ಲಿ ಹೊಸ ನಾಯಿ ಕಂಡರೆ ಮೊದಲು ತಿಳಿಯುವುದು ಅವರಿಗೆ. ಬೆಕ್ಕು ಸಾಮಾನ್ಯವಾಗಿ ದೂರ ಹೋಗಿರುವುದಿಲ್ಲ; ನಾಲ್ಕಾರು ಮನೆಗಳ ಆಚೆ ಈಚೆ, ಕಾರಿನ ಕೆಳಗೆ, ನೀರಿನ ಟ್ಯಾಂಕಿನ ಹಿಂದೆ ಅವಿತು ಕೂತಿರುತ್ತದೆ. ರಾತ್ರಿ ಸದ್ದಡಗಿದ ಮೇಲೆ ಅದರ ಊಟದ ಡಬ್ಬಿಯನ್ನು ಅಲ್ಲಾಡಿಸುತ್ತ ಹೆಸರು ಕರೆಯಿರಿ. ಪ್ರಕಟಣೆಯಲ್ಲಿ ಒಂದು ಗುರುತನ್ನು ಹೇಳದೆ ಇಟ್ಟುಕೊಂಡಿರಿ, ಸಿಕ್ಕಿದೆ ಎಂದವರನ್ನು ಅದನ್ನೇ ಕೇಳಿ. ನೋಡದೆ ಹಣ ಕಳುಹಿಸಬೇಡಿ.

ಎಂಟನೆಯ ಹಂತ: ನಿಮ್ಮ ಬೀದಿಯ ನಾಯಿಗಳು

ಮನೆಯೊಳಗಿನ ನಾಯಿಯ ಆರೋಗ್ಯ ಬೀದಿಯ ನಾಯಿಗಳ ಆರೋಗ್ಯಕ್ಕೆ ಹೆಣೆದುಕೊಂಡಿದೆ. ಕಿವಿಯ ಮೇಲೆ ಕತ್ತರಿಸಿದ ಸಣ್ಣ ಗುರುತು ಇರುವ ನಾಯಿಗೆ ಶಸ್ತ್ರಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆಗಿದೆ ಎಂದರ್ಥ. ಗುರುತಿಲ್ಲದವನ್ನು ಎಣಿಸಿ, ಫೋಟೋ ತೆಗೆದು ಪಾಲಿಕೆಗೆ ತಿಳಿಸಿ; ಬೆಂಗಳೂರಿನಲ್ಲಿ ಸಹಾಯವಾಣಿ 1533. ದಿನವೂ ಊಟ ಹಾಕುವವರೇ ಹಿಡಿಯುವ ದಿನ ಜೊತೆಗಿದ್ದರೆ ನಾಯಿಗೂ ಸಿಬ್ಬಂದಿಗೂ ಹಿಂಸೆ ಕಡಿಮೆ. 2023ರ ನಿಯಮಗಳ ಪ್ರಕಾರ ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ಊಟ ಹಾಕುವ ಜಾಗವು ಮಕ್ಕಳು ಆಡುವ ಕಡೆಯಿಂದ, ಮೆಟ್ಟಿಲು ಮತ್ತು ಪ್ರವೇಶದ್ವಾರಗಳಿಂದ ದೂರವಿರಬೇಕು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳ ನಾಯಿಗಳ ಬಗ್ಗೆ ಬೇರೆಯೇ ಆದೇಶ ಮಾಡಿರುವುದರಿಂದ, ಅಂಥ ಜಾಗಗಳಲ್ಲಿ ಪಾಲಿಕೆಯ ಈಗಿನ ಸೂಚನೆಯನ್ನು ಕೇಳಿಕೊಂಡೇ ಮುಂದುವರಿಯಿರಿ.

ಯಾವ ನಾಯಿ ಕಚ್ಚಿದರೂ, ಮನೆಯದೇ ಆದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನನ್ನೂ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ವೈದ್ಯರು ಬರೆದ ಅಷ್ಟೂ ಸೂಜಿಗಳನ್ನು ಮುಗಿಸಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸಿಕೊಳ್ಳುವ ದಾರಿಯಿಲ್ಲ.

ಕೊನೆಯ ಹಂತ: ವಯಸ್ಸಾದ ಪ್ರಾಣಿಯ ಕಡೆಯ ದಿನಗಳು

ನಡೆಯಲಾಗದ, ಮಲಗಿದಲ್ಲೇ ಒದ್ದೆಯಾಗುವ ಮುದಿ ನಾಯಿಯನ್ನು ಕೇಂದ್ರದಲ್ಲಿ ಬಿಡುತ್ತೇವೆಂದು ಬರುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಆರೈಕೆ ಕಲಿಸಿಕೊಡುತ್ತೇವೆ, ಜೊತೆಗೆ ಕರೆದುಕೊಂಡೇ ಹೋಗಿ. ಮೈ ಹುಣ್ಣಾಗದಂತೆ ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕೆಳಗೆ ದಪ್ಪ ಹಾಸಿಗೆ ಹಾಕಿ ಅದರ ಮೇಲೆ ಒದ್ದೆ ಹೀರುವ ಬಟ್ಟೆ ಹಾಸುವುದು, ನೋವಿನ ಔಷಧವನ್ನು ವೇಳೆಗೆ ಸರಿಯಾಗಿ ಕೊಡುವುದು, ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಿ ನಿಲ್ಲಿಸುವುದು ಇವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ನೋವು ಔಷಧಕ್ಕೂ ಬಗ್ಗದಾದಾಗ ದಯಾಮರಣದ ಬಗ್ಗೆ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿ, ಮತ್ತು ಆ ಹೊತ್ತಿನಲ್ಲಿ ಹೊರಗೆ ಹೋಗಿ ನಿಲ್ಲಬೇಡಿ. ನಿಮ್ಮ ಕೈ ಅದರ ತಲೆಯ ಮೇಲಿರಲಿ.

ಅಂತ್ಯಸಂಸ್ಕಾರಕ್ಕೆ ಜಾಗವಿಲ್ಲದಿದ್ದರೆ ಕೇಂದ್ರದವರನ್ನೇ ಕೇಳಿ. ಬೆಂಗಳೂರಿನಲ್ಲಿ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಆವರಣದಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ. ಪಾಲಿಕೆಯ ಪರವಾನಗಿ ಪಡೆದಿದ್ದರೆ ಅದನ್ನು ರದ್ದು ಮಾಡಿಸಿ. ಕೆಲವು ದಿನ ಕಳೆದು ಮನಸ್ಸು ತಹಬಂದಿಗೆ ಬಂದಾಗ, ಉಳಿದಿರುವ ತೆರೆಯದ ಔಷಧದ ಸ್ಟ್ರಿಪ್‌ಗಳನ್ನು ಅವಧಿ ಮುಗಿಯುವ ಮೊದಲೇ ಕೇಂದ್ರಕ್ಕೆ ತಂದುಕೊಡಿ. ಚೈನು, ತಟ್ಟೆ, ಕಂಬಳಿಗಳನ್ನೂ ತನ್ನಿ. ಕಂಬಳಿಯನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಒಣಗಿಸಿ ತಂದರೆ ಅಂದು ರಾತ್ರಿಯೇ ಇನ್ನೊಂದು ನಾಯಿಗೆ ಹಾಸಬಹುದು.